ಕೋಣೆ ಕೊಟ್ಟರು, ಬಾಗಿಲು ಕೊಡಲಿಲ್ಲ

ಕೇಸು ನನ್ನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಪತ್ರಿಕೆಯಲ್ಲಿ ಬಂದ ಸುದ್ದಿಯಲ್ಲಿ ಬೇರೆಯವಳ ಹೆಸರಿದೆ, ಫೋಟೋದಲ್ಲಿ ಬೇರೆಯವಳ ಮುಖವಿದೆ. ಆ ಫೋಟೋದ ಅಂಚಿನಲ್ಲಿ ಫೈಲು ಹಿಡಿದುಕೊಂಡಿರುವ ಅರ್ಧ ಕೈ ಇದೆಯಲ್ಲ, ಅದು ನನ್ನದು.

ಆ ಹುಡುಗಿಯನ್ನು ನನ್ನ ಬಳಿ ಕರೆತಂದದ್ದು ಶಿವಾಜಿನಗರದ ಒಂದು ಹಮಾಮಿನ ದೊಡ್ಡಮ್ಮ. ಹಮಾಮು ಅಂದರೆ ಹಂಡೆಗೆ ಬೆಂಕಿ ಹಾಕಿ ಜನರಿಗೆ ಬಿಸಿನೀರ ಸ್ನಾನ ಕೊಡುವ ಜಾಗ. ಹಿಜ್ರಾ ಸಮುದಾಯದ ಹಿರಿಯರು ಅದನ್ನು ನಡೆಸುತ್ತಾರೆ, ಅವರಿಗೂ ಅವರ ಚೇಲಾಗಳಿಗೂ ಅದೇ ಮನೆ. ದೊಡ್ಡಮ್ಮನಿಗೂ ಜಾಗದ ಮಾಲೀಕನಿಗೂ ಇದ್ದ ತಕರಾರೊಂದನ್ನು ಹಿಂದೆ ನಾನು ಬಗೆಹರಿಸಿದ್ದೆ. ಹಾಗಾಗಿ ಹಲಸೂರಿನಲ್ಲಿ ಪಾತ್ರೆ ಅಂಗಡಿಯ ಮೇಲಿರುವ ನನ್ನ ಆಫೀಸಿಗೆ ಅವರು ಹೇಳದೆ ಕೇಳದೆ ಬರುತ್ತಿದ್ದರು.

‘ಅರೆ ವಕೀಲಮ್ಮಾ, ಇದು ಓದೋ ಬಚ್ಚಿ,’ ಎಂದು ಹುಡುಗಿಯನ್ನು ಕುರ್ಚಿಗೆ ತಳ್ಳಿದರು. ‘ನಮ್ ಹಮಾಮಲ್ಲಿ ಇಟ್ಕೊಂಡಿದೀನಿ. ಆದ್ರೆ ಅಲ್ಲಿ ಇದ್ರೆ ಓದು ಖತಂ. ಹೊಗೆ, ಗಿರಾಕಿ, ಗಲಾಟೆ. ಇನ್ನೊಂದು ಸ್ವಲ್ಪ ದಿನ ಇದ್ರೆ ಬಜಾರಿಗೆ ಕೈ ಚಾಚೋಕೆ ಹೋಗ್ತಾಳೆ. ನಾನು ಬೇಡ ಅಂದ್ರೂ ಹೋಗ್ತಾಳೆ, ಯಾಕಂದ್ರೆ ಎಲ್ಲರೂ ಹೋಗ್ತಾರಲ್ಲ.’

ಹುಡುಗಿ ರಾಯಚೂರಿನ ಕಡೆಯವಳು. ಸರ್ಕಾರಿ ಕಾಲೇಜಿನಲ್ಲಿ ನರ್ಸಿಂಗ್ ಓದುತ್ತಿದ್ದಳು. ಹುಟ್ಟಿದಾಗ ಮನೆಯವರು ಗಂಡು ಎಂದು ಬರೆಸಿದ್ದರು, ಅವಳು ಹೆಣ್ಣು. ಜಿಲ್ಲಾಧಿಕಾರಿಗಳ ಕಚೇರಿಯಿಂದ ಅದಕ್ಕೆ ಪ್ರಮಾಣಪತ್ರವೂ ಬಂದಿತ್ತು. ಅದರ ಆಧಾರದ ಮೇಲೆಯೇ ಕೆ.ಆರ್. ಪುರದ ಸರ್ಕಾರಿ ಬಾಲಕಿಯರ ಹಾಸ್ಟೆಲಿನಲ್ಲಿ ಸೀಟು ಸಿಕ್ಕಿತ್ತು. ಎರಡನೇ ಮಹಡಿಯ ಕೋಣೆಯಲ್ಲಿ ಇನ್ನೂ ಮೂವರ ಜೊತೆ ಚೆನ್ನಾಗಿಯೇ ಇದ್ದಳು. ಆಮೇಲೆ ಯಾವುದೋ ಪರಿಶೀಲನೆಗೆ ಶಾಲೆಯ ಟಿಸಿ ಕೇಳಿದರು, ಅದರಲ್ಲಿ ಹಳೆಯ ಹೆಸರಿತ್ತು. ಮಾರನೇ ದಿನ ವಾರ್ಡನ್ ಅವಳ ಟ್ರಂಕನ್ನು ಗೇಟಿನ ಬಳಿ ಇಡಿಸಿದರು.

‘ಏನಂತ ಹೇಳಿದ್ರು?’ ಎಂದೆ.

‘ಏನೂ ಅನ್ಲಿಲ್ರಿ ಮೇಡಂ. ಪೋಷಕರು ಕೇಳಾಕತ್ಯಾರ, ನೀ ಸದ್ಯ ಹೋಗು ಅಂದ್ರು. ಸದ್ಯ ಅಂದ್ರ ಎಲ್ಲೀ ತನಕ ಅಂತ ಕೇಳಿದೆ. ಗೇಟ್ ಹಾಕಿದ್ರು.’

ಹಾಸ್ಟೆಲಿನ ಹತ್ತಿರದ ಆಸ್ಪತ್ರೆಯಲ್ಲಿ ಅವಳ ಡ್ಯೂಟಿ ಬೆಳಿಗ್ಗೆ ಬೇಗ ಶುರುವಾಗುತ್ತದೆ. ಶಿವಾಜಿನಗರದಿಂದ ಬಸ್ಸು ಹಿಡಿದು ಹೋಗುವಷ್ಟರಲ್ಲಿ ಹಾಜರಿ ಮುಗಿದಿರುತ್ತಿತ್ತು. ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಅವಳಿಗೆ ಆಗ ಬೇಕಾಗಿದ್ದದ್ದು ಹೆಚ್ಚೇನಲ್ಲ, ಒಂದು ಮಂಚ. ಅದು ಸಿಗದಿದ್ದರೆ ಓದು ಹೋಗುತ್ತಿತ್ತು.

ಬಾಯಿಮಾತಿನ ಆದೇಶವನ್ನು ಹೈಕೋರ್ಟಿನಲ್ಲಿ ಪ್ರಶ್ನಿಸುವುದು ಕಷ್ಟ. ‘ನಾವು ಹೊರಗೆ ಹಾಕಲೇ ಇಲ್ಲ, ಅವಳೇ ಹೋದಳು’ ಎಂದುಬಿಡುತ್ತಾರೆ. ಆದ್ದರಿಂದ ಮೊದಲು ಮನವಿ ಕೊಡಬೇಕು, ಅದಕ್ಕೆ ಲಿಖಿತ ಉತ್ತರ, ಅಂದರೆ ಹಿಂಬರಹ, ತೆಗೆದುಕೊಳ್ಳಬೇಕು. ವಾರ್ಡನ್ ಬರೆದುಕೊಡಲು ಒಪ್ಪಲಿಲ್ಲ. ನಾನು ಹಾಸ್ಟೆಲಿನ ಆಫೀಸಿನ ಹೊರಗಿನ ಬೆಂಚಿನಲ್ಲಿ ಕೂತೆ. ಮರುದಿನವೂ ಕೂತೆ. ಮೂರನೇ ಸಲ ಹೋದಾಗ ವಾರ್ಡನ್ ಸಿಡುಕಿದರು: ‘ನಿಮಗೆ ಬೇರೆ ಕೇಸಿಲ್ವೇನ್ರೀ?’

‘ಇದೆ ಮೇಡಂ. ನೀವು ಬರೆದುಕೊಟ್ರೆ ಅದನ್ನ ಮಾಡೋಕೆ ಹೋಗ್ತೀನಿ.’

ಬರೆದುಕೊಟ್ಟರು. ‘ಇತರ ವಿದ್ಯಾರ್ಥಿನಿಯರ ಹಿತದೃಷ್ಟಿಯಿಂದ ಪ್ರವೇಶವನ್ನು ಮುಂದುವರಿಸಲು ಸಾಧ್ಯವಿಲ್ಲ.’ ಆ ಸಾಲನ್ನು ಓದಿ ನಾನು ಬಸ್ಸಿನಲ್ಲಿ ಒಬ್ಬಳೇ ನಕ್ಕಿದ್ದೆ. ಸಂವಿಧಾನದ ಹದಿನೈದನೇ ವಿಧಿ ಲಿಂಗದ ಆಧಾರದ ಮೇಲೆ ಸರ್ಕಾರ ತಾರತಮ್ಯ ಮಾಡಕೂಡದು ಎನ್ನುತ್ತದೆ. ಆ ‘ಲಿಂಗ’ ಎಂಬ ಪದದಲ್ಲಿ ಒಬ್ಬರು ತಮ್ಮನ್ನು ತಾವು ಏನೆಂದು ಅರಿತಿದ್ದಾರೋ ಅದೂ ಸೇರುತ್ತದೆ ಎಂದು ಸುಪ್ರೀಂ ಕೋರ್ಟ್ ಹೇಳಿಯಾಗಿತ್ತು. ವಾರ್ಡನ್ ತಮ್ಮ ಕೈಯಾರೆ, ಮೊಹರು ಹಾಕಿ, ಆ ವಿಧಿಯ ಉಲ್ಲಂಘನೆಯನ್ನು ನನಗೆ ಕೊಟ್ಟಿದ್ದರು.

ಇದೆಲ್ಲ ಮಾಡಿದ್ದು ನಾನು. ಫೋಟೋದಲ್ಲಿರುವ ಆ ಇಂದಿರಾನಗರದವಳು ಬಂದದ್ದು ಇದಾದ ಮೇಲೆ.

ಅವಳು ನನಗಿಂತ ಚಿಕ್ಕವಳು. ಅಜ್ಜ ವಕೀಲರು, ಅಪ್ಪ ವಕೀಲರು. ಲಿಂಗತ್ವ ಮತ್ತು ಲೈಂಗಿಕ ಅಲ್ಪಸಂಖ್ಯಾತರ ಹಕ್ಕಿನ ಕೇಸುಗಳಲ್ಲಿ ಹೈಕೋರ್ಟಿನ ತುಂಬ ಅವಳ ಹೆಸರು. ಹುಡುಗಿಯ ಗೆಳತಿಯರಾರೋ ಅವಳಿಗೆ ಫೋನು ಮಾಡಿದ್ದರು. ‘ವಾದಕ್ಕೆ ನಾನು ನಿಂತ್ಕೊಳ್ಳಲಾ? ಫೀಸ್ ಏನೂ ಬೇಡ,’ ಎಂದು ನನ್ನನ್ನು ಕೇಳಿದಳು. ವಕಾಲತ್ತು ನನ್ನ ಹೆಸರಿನಲ್ಲಿತ್ತು. ಬೇಡ ಎನ್ನಬಹುದಿತ್ತು.

ಎನ್ನಲಿಲ್ಲ. ಕಾರಣ ಹೇಳುವುದಕ್ಕೆ ನನಗೆ ನಾಚಿಕೆಯಿಲ್ಲ. ಕಾನೂನು ನನಗೆ ಗೊತ್ತು. ಆದರೆ ಪೀಠದಿಂದ ಪ್ರಶ್ನೆಗಳು ಇಂಗ್ಲಿಷಿನಲ್ಲಿ ಒಂದರ ಹಿಂದೊಂದು ಬಂದಾಗ, ನಾನು ಉತ್ತರವನ್ನು ಮನಸ್ಸಿನಲ್ಲಿ ಕನ್ನಡದಿಂದ ತಿರುಗಿಸಿ ಬಾಯಿಗೆ ತರುವಷ್ಟರಲ್ಲಿ ಮುಂದಿನ ಪ್ರಶ್ನೆ ಬಂದಿರುತ್ತದೆ. ನಮ್ಮ ಮನೆಯಲ್ಲಿ ಡಿಗ್ರಿ ಮುಟ್ಟಿದವಳು ನಾನೇ ಮೊದಲು. ಇಂಗ್ಲಿಷನ್ನು ನಾನು ಪುಸ್ತಕದಲ್ಲಿ ಕಲಿತೆ, ಅವಳು ಊಟದ ಮೇಜಿನಲ್ಲಿ ಕಲಿತಳು.

ಕರಡು ತಿದ್ದಲು ಅವಳ ಮನೆಗೆ ಹೋದೆ. ಮನೆಯ ಪಕ್ಕದಲ್ಲಿ ಕಬ್ಬಿಣದ ಸುತ್ತುಮೆಟ್ಟಿಲು ಇತ್ತು. ಇಂದಿರಾನಗರದ ಹಳೆಯ ಮನೆಗಳಲ್ಲಿ ಕೆಲಸದವರು ಹಿಂದಿನಿಂದ ಹತ್ತಿಹೋಗಲಿ ಎಂದು ಮಾಡಿಸಿರುತ್ತಾರಲ್ಲ, ಅಂಥದು. ನಮ್ಮ ಮನೆಯಿದ್ದ ಮರ್ಫಿ ಟೌನಿನಿಂದ ನನ್ನ ಅಮ್ಮ ನಡೆದುಹೋಗಿ ಇಂಥವೇ ಮೆಟ್ಟಿಲು ಹತ್ತಿ ಪಾತ್ರೆ ತಿಕ್ಕಿದವಳು. ನಾನು ಮುಂದಿನ ಬಾಗಿಲಿನ ಗಂಟೆ ಒತ್ತಿದೆ, ಸ್ವಲ್ಪ ಜೋರಾಗಿಯೇ.

ಹುಡುಗಿ ಆಗಲೇ ಅಲ್ಲಿ ಸೋಫಾದ ಮೇಲೆ ಕಾಲು ಮಡಚಿ ಕೂತು ಚಿಪ್ಸ್ ತಿನ್ನುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು. ‘ಬರ್ರಿ ಮೇಡಂ.’ ಆಮೇಲೆ ಒಳಗೆ ತಿರುಗಿ ಕೂಗಿದಳು: ‘ಅಕ್ಕಾ, ಮೇಡಂ ಬಂದ್ರು!’

ನಾನು ಮೇಡಂ, ಅವಳು ಅಕ್ಕ. ಆ ದಿನವೆಲ್ಲ ನನ್ನ ತಲೆಯಲ್ಲಿ ಇದೇ ಸುತ್ತಿತು. ಬೆಂಚಿನಲ್ಲಿ ಕೂತು ಹಿಂಬರಹ ತಂದವಳು ಮೇಡಂ. ಚಿಪ್ಸ್ ಕೊಟ್ಟವಳು ಅಕ್ಕ.

ಅವಳ ಜೊತೆ ಬಾಳುತ್ತಿದ್ದ ಗೆಳತಿ ನಮಗೆ ಕಾಫಿ ತಂದುಕೊಟ್ಟಳು. ಇಂದಿರಾನಗರದವಳು ಮುಚ್ಚಿಡದೆ ಹೇಳಿದಳು: ‘ನಾವಿಬ್ರೂ ಬಾಡಿಗೆ ಮನೆ ಹುಡುಕೋವಾಗ ಅಕ್ಕ-ತಂಗಿ ಅಂತ ಸುಳ್ಳು ಹೇಳ್ತಿದ್ವಿ. ಎರಡು ಕಡೆ ಗೊತ್ತಾಗಿ ಖಾಲಿ ಮಾಡಿಸಿದ್ರು. ಇದು ನನಗೆ ಬರೀ ಕೇಸಲ್ಲ.’

ಹುಡುಗಿ ಯಾಕೆ ಅಕ್ಕ ಎಂದಳೆಂದು ಅರ್ಥವಾಯಿತು. ಅರ್ಥವಾದರೆ ಉರಿ ಕಡಿಮೆಯಾಗುತ್ತದೆ ಎಂದು ಯಾರು ಹೇಳಿದರೋ ಗೊತ್ತಿಲ್ಲ. ಖಾಲಿ ಮಾಡಿಸಿದಾಗ ಬಂದು ಸೇರಲು ಅವಳಿಗೆ ಅಜ್ಜನ ಮನೆಯಿತ್ತು ಎಂದೇ ನಾನು ಯೋಚಿಸುತ್ತಿದ್ದೆ.

ಕರಡಿನ ಬಗ್ಗೆ ಜಗಳವಾಯಿತು. ಹಾಸ್ಟೆಲಿನ ನಿಯಮಾವಳಿಯಲ್ಲಿ ‘ಬಾಲಕಿ’ ಎಂಬುದರ ವ್ಯಾಖ್ಯೆಯನ್ನೇ ಪ್ರಶ್ನಿಸಬೇಕು, ಇಡೀ ರಾಜ್ಯದ ಹಾಸ್ಟೆಲುಗಳಿಗೆ ಅನ್ವಯವಾಗುವಂತೆ ನಿರ್ದೇಶನ ಕೇಳಬೇಕು ಎಂದು ಅವಳ ಹಟ. ಮೊದಲು ಈ ಹುಡುಗಿಯ ಮಂಚ ವಾಪಸ್ ಬರಲಿ, ಮಧ್ಯಂತರ ಆದೇಶ ಸಿಕ್ಕಿದರೆ ಸಾಕು ಎಂದು ನಾನು.

‘ಮಂಚ ಕೇಳಿದ್ರೆ ಮಂಚ ಕೊಡ್ತಾರೆ. ಹಕ್ಕು ಕೊಡಲ್ಲ,’ ಎಂದಳು.

‘ಹಕ್ಕಿನ ಮೇಲೆ ಮಲಗೋಕಾಗಲ್ಲಮ್ಮ,’ ಎಂದೆ.

ಕೊನೆಗೆ ಎರಡನ್ನೂ ಹಾಕಿದೆವು. ಹದಿನಾಲ್ಕು, ಹದಿನೈದು, ಹತ್ತೊಂಬತ್ತು, ಇಪ್ಪತ್ತೊಂದನೇ ವಿಧಿಗಳ ಆಧಾರಗಳನ್ನು ಅವಳು ಬರೆದಳು. ಘಟನೆಗಳನ್ನೂ ಮಧ್ಯಂತರ ಬೇಡಿಕೆಯನ್ನೂ ನಾನು ಬರೆದೆ. ಅವಳು ಬರೆದ ಪುಟಗಳನ್ನು ತಪ್ಪು ಹುಡುಕುವುದಕ್ಕೆಂದೇ ಓದಿದೆ. ಸಿಗಲಿಲ್ಲ.

ಮೊದಲ ದಿನದ ವಿಚಾರಣೆಗೆ ದೊಡ್ಡಮ್ಮನೂ ಬಂದಿದ್ದರು. ಬಾಗಿಲ ಬಳಿ ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿ, ‘ಇಬ್ರದ್ದೂ ಕಾಲಾ ಕೋಟು. ಅವಳದು ಮಾತ್ರ ಇಸ್ತ್ರಿ,’ ಎಂದರು. ‘ಬೇಜಾರ್ ಮಾಡ್ಕೋಬೇಡ ವಕೀಲಮ್ಮಾ, ನಿಂದು ಕೆಲಸ ಮಾಡಿರೋ ಕೋಟು.’ ನಾನು ನಕ್ಕೆ. ಬೇಜಾರು ಆಗಿತ್ತು.

ಹೊರಗೆ ವಿದ್ಯಾರ್ಥಿಗಳು ಬಂದು ನಿಂತಿದ್ದರು. ದೊಡ್ಡ ದೊಡ್ಡ ವಕೀಲರು ಬಂದು ಹುಡುಗಿಯ ಬೆನ್ನು ತಟ್ಟಿ ಹೋದರು. ಇನ್ನೊಂದು ವಿಷಯವನ್ನೂ ಬರೆದುಬಿಡುತ್ತೇನೆ: ಆ ಹೊತ್ತು ನನಗೆ ಹುಡುಗಿಯ ಮೇಲೂ ಅಸೂಯೆಯಾಯಿತು. ನಾನು ಓದುವಾಗ ಮನೆಯಲ್ಲಿ ದೀಪ ಹಾಕಲು ಜಾಗವಿಲ್ಲದೆ ಹಾಸ್ಟೆಲ್ ಕೇಳಿದ್ದೆ. ಇದೇ ಊರಿನವರಿಗೆ ಕೊಡುವುದಿಲ್ಲ ಎಂದರು. ಹಲಸೂರಿನ ದೇವಸ್ಥಾನದ ಜಗಲಿಯಲ್ಲಿ ಓದಿದೆ. ನನಗಾಗಿ ಯಾವ ವಿಧಿಯೂ, ಯಾವ ಇಸ್ತ್ರಿ ಕೋಟೂ ಬರಲಿಲ್ಲ.

ನ್ಯಾಯಮೂರ್ತಿಗಳು ಅರ್ಜಿ ತಿರುವಿ ಕೇಳಿದರು: ಸರ್ಕಾರ ಬೇರೆ ವ್ಯವಸ್ಥೆ ಮಾಡಿಕೊಟ್ಟರೆ ತಕರಾರೇನು? ಇಂದಿರಾನಗರದವಳು ಉತ್ತರಿಸುವ ಮೊದಲೇ ಸರ್ಕಾರಿ ವಕೀಲರು ಎದ್ದು, ಇಲಾಖೆಯಿಂದ ಸೂಚನೆ ಪಡೆದು ಹೇಳುತ್ತೇನೆ ಎಂದರು. ಮುಂದಿನ ವಾರಕ್ಕೆ ಹೋಯಿತು.

ಆ ವಾರದಲ್ಲಿಯೇ ಎಲ್ಲವೂ ನಡೆದದ್ದು. ಸರ್ಕಾರಿ ವಕೀಲರು ಕಾರಿಡಾರಿನಲ್ಲಿ ನನ್ನನ್ನು ಪಕ್ಕಕ್ಕೆ ಕರೆದರು. ಒಳ್ಳೆಯ ಮನುಷ್ಯ, ಕ್ಯಾಂಟೀನಿನಲ್ಲಿ ಎಷ್ಟೋ ಸಲ ಒಟ್ಟಿಗೆ ಇಡ್ಲಿ ತಿಂದಿದ್ದೇವೆ.

‘ಮೇಡಂ, ಅದೇ ಹಾಸ್ಟೆಲಲ್ಲಿ ಬೇರೆ ರೂಮ್ ಕೊಡ್ತಾರೆ. ಸಿಂಗಲ್ ರೂಮು. ಅಟ್ಯಾಚ್ಡ್ ಬಾತ್‌ರೂಮು. ನಮ್ಮ ಮನೇಲಿ ನನಗೇ ಇಲ್ಲ ಅದು. ಜಾಯಿಂಟ್ ಮೆಮೊ ಹಾಕ್ಬಿಡೋಣ, ಮುಗೀತು.’

‘ಅರ್ಜಿ?’

‘ಡಿಸ್ಪೋಸ್ ಆಗುತ್ತೆ, ಕೇಸು ಅಲ್ಲಿಗೆ ಕ್ಲೋಸು. ವಕಾಲತ್ತು ನಿಮ್ಮದಲ್ವಾ? ನೀವು, ನಿಮ್ಮ ಕಕ್ಷಿದಾರರು ಸೈನ್ ಹಾಕಿದ್ರೆ ಸಾಕು. ಆ ಇನ್ನೊಬ್ಬರನ್ನ ಕೇಳ್ಬೇಕಂತೇನಿಲ್ಲ.’

ಜಂಟಿ ಮೆಮೊ ಅಂದರೆ ಎರಡೂ ಕಡೆಯವರು ಒಪ್ಪಿ ಸಹಿ ಮಾಡಿಕೊಡುವ ಒಂದು ಪುಟ. ನಮ್ಮಂಥ ವಕೀಲರ ಅರ್ಧ ಕೇಸುಗಳು ಹಾಗೆಯೇ ಮುಗಿಯುತ್ತವೆ. ಅವರು ‘ಆ ಇನ್ನೊಬ್ಬರನ್ನ ಕೇಳ್ಬೇಕಂತೇನಿಲ್ಲ’ ಎಂದಾಗ ನನ್ನೊಳಗೆ ಏನೋ ತಣ್ಣಗಾಯಿತು. ಹುಡುಗಿಗೆ ಕೋಣೆ ಸಿಗುತ್ತದೆ, ಹಾಜರಿ ಉಳಿಯುತ್ತದೆ. ಕೊಡಿಸಿದವಳು ನಾನು. ಇಸ್ತ್ರಿ ಕೋಟಿನವಳು ಬರುವಷ್ಟರಲ್ಲಿ ವಾದಿಸಲು ಏನೂ ಉಳಿದಿರುವುದಿಲ್ಲ.

ಅವಳಿಗೆ ಫೋನು ಮಾಡಲಿಲ್ಲ. ಹುಡುಗಿಗೆ ಮಾಡಿದೆ. ‘ಬಾ, ರೂಮು ನೋಡ್ಕೊಂಡು ಬರೋಣ.’ ನೋಡದೆ ಸಹಿ ಹಾಕಿಸುವ ಅಭ್ಯಾಸ ನನಗಿಲ್ಲ.

ಹಾಸ್ಟೆಲಿನ ಮುಂದಿನ ಗೇಟಿನಲ್ಲಿ ಕಾವಲುಗಾರ ನಮ್ಮನ್ನು ತಡೆದ. ‘ಈ ಕಡೆ ಅಲ್ಲ ಮೇಡಂ, ಸುತ್ಕೊಂಡು ಬನ್ನಿ.’ ಪಕ್ಕದ ಓಣಿಯಲ್ಲಿ, ಕಸದ ಗಾಡಿ ನಿಲ್ಲುವ ಜಾಗದ ಪಕ್ಕ, ತಗಡಿನ ಬಾಗಿಲೊಂದಿತ್ತು. ಒಳಗೆ ಅಡುಗೆಮನೆಯ ಹಿಂಭಾಗ, ಗ್ಯಾಸ್ ಸಿಲಿಂಡರುಗಳ ಸಾಲು, ಅದರಾಚೆ ಕೋಣೆ. ಹೊಸದಾಗಿ ಸುಣ್ಣ ಬಳಿದಿದ್ದರು. ಮಂಚ, ಮೇಜು, ಫ್ಯಾನು. ಬಾತ್‌ರೂಮಿನಲ್ಲಿ ಹೊಸ ಬಕೆಟ್ಟು ಇತ್ತು, ಸ್ಟಿಕ್ಕರ್ ಕೂಡ ಕಿತ್ತಿರಲಿಲ್ಲ. ಒಳಗಿನಿಂದ ಹಾಸ್ಟೆಲಿಗೆ ಹೋಗುವ ಬಾಗಿಲಿಗೆ ಮಾತ್ರ ಹಲಗೆ ಹೊಡೆದಿದ್ದರು.

ಹುಡುಗಿ ಮಂಚದ ಮೇಲೆ ಕೂತು ಪುಟಿದು ನೋಡಿದಳು. ಅವಳ ಮುಖ ಅರಳಿತ್ತು. ‘ಫ್ಯಾನ್ ಐತ್ರಿ ಮೇಡಂ!’

‘ಊಟ?’ ಎಂದು ನಾನು ವಾರ್ಡನ್ನರನ್ನು ಕೇಳಿದೆ.

‘ಮೆಸ್ಸಿಗೆ ಬರೋದು ಬೇಡ. ಆ ಕಿಟಕೀಲಿ ಕೊಡ್ತಾರೆ,’ ಎಂದರು. ‘ತಟ್ಟೆ ಅವಳದೇ ಇಟ್ಕೊಳ್ಲಿ.’ ಅದನ್ನು ಹೇಳುವಾಗ ಅವರ ದನಿಯಲ್ಲಿ ಕೆಟ್ಟತನವೇನೂ ಇರಲಿಲ್ಲ. ಅಷ್ಟೆಲ್ಲ ಏರ್ಪಾಡು ಮಾಡಿದ್ದೇವೆ ನೋಡಿ ಎಂಬ ಹೆಮ್ಮೆಯೇ ಇತ್ತು.

ವಾರ್ಡನ್ ಹೋದರು. ನಾನು ಕಿಟಕಿಯ ಬಳಿ ನಿಂತೆ. ನಮ್ಮಮ್ಮನಿಗೂ ಒಂದು ತಟ್ಟೆ ಇತ್ತು. ಸುತ್ತುಮೆಟ್ಟಿಲಿನ ಕೆಳಗೆ, ಗಿಡದ ಕುಂಡದ ಹಿಂದೆ, ಮಗುಚಿ ಇಡುತ್ತಿದ್ದಳು. ಆ ಮನೆಯವರು ಒಳ್ಳೆಯವರು ಎಂದು ಇವತ್ತಿಗೂ ಹೇಳುತ್ತಾಳೆ. ನನ್ನ ಶಾಲೆಯ ಚೀಲ ಅವರೇ ಕೊಟ್ಟದ್ದು.

‘ಸೈನ್ ಎಲ್ಲಿ ಮಾಡ್ಬೇಕ್ರಿ?’ ಎಂದಳು ಹುಡುಗಿ.

ಕಾಗದ ನನ್ನ ಫೈಲಿನಲ್ಲಿತ್ತು. ನಾನು ತೆಗೆಯಲಿಲ್ಲ. ‘ಸ್ವಲ್ಪ ತಡಿ. ಇದು ನಿನಗೆ ಒಪ್ಪಿಗೇನಾ?’

‘ಕೊಟ್ಟಷ್ಟು ಸಾಕ್ರಿ. ನನಗ ಡ್ಯೂಟಿ ತಪ್ಪಬಾರದು.’ ಸ್ವಲ್ಪ ಹೊತ್ತು ಹಲಗೆ ಹೊಡೆದ ಬಾಗಿಲನ್ನು ನೋಡಿದಳು. ಅದರಾಚೆ ಹುಡುಗಿಯರು ನಗುತ್ತ ಓಡಾಡುವುದು ಕೇಳುತ್ತಿತ್ತು. ಅದರಲ್ಲೊಂದು ದನಿ ಅವಳ ಹಳೆಯ ಕೋಣೆಯ ಗೆಳತಿಯದು; ಅವಳು ಕತ್ತು ಎತ್ತಿದ್ದರಲ್ಲೇ ನನಗೆ ಗೊತ್ತಾಯಿತು. ‘ನೀವಾಗಿದ್ರ ಇರ್ತಿದ್ರೇನ್ರಿ ಮೇಡಂ ಇಲ್ಲಿ?’

ಇಲ್ಲ ಎಂದು ಸುಳ್ಳು ಹೇಳಬಹುದಿತ್ತು. ‘ಇರ್ತಿದ್ದೆ,’ ಎಂದೆ. ‘ಎರಡು ಸಲ ಯೋಚನೆ ಮಾಡ್ತಿರಲಿಲ್ಲ. ನಮ್ಮಮ್ಮ ಇಂಥಾ ಬಾಗಿಲಲ್ಲೇ ಓಡಾಡಿ ನನ್ನ ಓದಿಸಿದ್ಳು. ಆದ್ರೆ ನಿನಗೆ ಇರು ಅಂತ ಹೇಳೋಕೆ ನನಗೆ ಬಾಯಿ ಬರ್ತಿಲ್ಲ ಕಣೇ. ನಾನು ಓದಿದ್ದು ಇದಕ್ಕಲ್ಲ.’

‘ಸೈನ್ ಮಾಡಲಿಲ್ಲಂದ್ರ ಸೋಲಬಹುದೇನ್ರಿ?’

‘ಸೋಲಬಹುದು. ಆಗ ಇದೂ ಸಿಗಲ್ಲ. ಹಾಜರಿ ಹೋಗುತ್ತೆ, ವರ್ಷ ಹೋಗುತ್ತೆ. ಸುಮ್ನೆ ಧೈರ್ಯ ಹೇಳಲ್ಲ ನಾನು. ನೀನೇ ಹೇಳ್ಬೇಕು.’

ಅವಳು ಬಕೆಟ್ಟಿನ ಸ್ಟಿಕ್ಕರನ್ನು ಉಗುರಿನಿಂದ ಸ್ವಲ್ಪ ಸ್ವಲ್ಪವೇ ಕಿತ್ತಳು. ಪೂರ್ತಿ ಕಿತ್ತ ಮೇಲೆ ಎದ್ದಳು. ‘ಹಂಗಾದ್ರ ಬ್ಯಾಡ ನಡೀರಿ. ಕಿಟಕ್ಯಾಗ ಊಟ ಇಸ್ಕೊಂಡು ನಾಳೆ ನಾ ಯಾವ ರೋಗಿಗೆ ಧೈರ್ಯ ಹೇಳ್ಲಿ?’

ಸರ್ಕಾರಿ ವಕೀಲರಿಗೆ ಫೋನು ಮಾಡಿ ಮೆಮೊ ಹಾಕುವುದಿಲ್ಲ ಎಂದೆ. ‘ತಪ್ಪು ಮಾಡ್ತಿದೀರ ಮೇಡಂ,’ ಎಂದರು, ನಿಜವಾದ ಕಳಕಳಿಯಿಂದ. ಆಮೇಲೆ ಮಾಡಬೇಕಾದ ಇನ್ನೊಂದು ಫೋನು ಇತ್ತು. ಕೆ.ಆರ್. ಪುರದ ಸೇತುವೆಯ ಕೆಳಗೆ ಆಟೋ ಸಿಕ್ಕಿಹಾಕಿಕೊಂಡಿದ್ದಾಗ ಮಾಡಿದೆ. ಇಂದಿರಾನಗರದವಳಿಗೆ ಎಲ್ಲವನ್ನೂ ಹೇಳಿದೆ: ತಗಡಿನ ಬಾಗಿಲು, ಹಲಗೆ, ಕಿಟಕಿ, ತಟ್ಟೆ. ಸಹಿ ಹಾಕಲು ಹೊರಟಿದ್ದೆ ಎಂಬುದನ್ನೂ ಹೇಳಿದೆ. ‘ಕೋಣೆ ಕೊಟ್ಟಿದಾರೆ, ಬಾಗಿಲು ಕೊಟ್ಟಿಲ್ಲ,’ ಎಂದೆ.

ನನಗೆ ಹೇಳದೆ ಯಾಕೆ ಹೋದೆ ಎಂದು ಕೇಳುತ್ತಾಳೆ ಅಂದುಕೊಂಡೆ. ಕೇಳಲಿಲ್ಲ.

‘ಇದನ್ನ ಕೋರ್ಟಲ್ಲಿ ಹೇಳ್ಬೋದಾ ನಾನು?’

ಬೇಡ, ಅದು ನನ್ನದು ಎನ್ನಬೇಕೆನ್ನಿಸಿತು. ಅವಳು ಕೇಳಿದ್ದು ವಾಕ್ಯವನ್ನು ಮಾತ್ರ. ನಾನು ಕೊಡಬೇಕಾಗಿದ್ದದ್ದು ಅಮ್ಮನ ತಟ್ಟೆಯನ್ನು. ಪಕ್ಕದಲ್ಲಿ ಹುಡುಗಿ ಫಾರ್ಮಕಾಲಜಿ ಪುಸ್ತಕ ತೆಗೆದು ಓದತೊಡಗಿದ್ದಳು.

‘ಹೇಳು,’ ಎಂದೆ. ‘ಚೆನ್ನಾಗಿ ಹೇಳು.’

ಚೆನ್ನಾಗಿಯೇ ಹೇಳಿದಳು. ನಾನು ತಂದ ಹಿಂಬರಹದಿಂದ ಶುರು ಮಾಡಿದಳು. ಅದೇ ಮಂಚದ ಮೇಲೆ ಅದೇ ಗೆಳತಿಯರ ಜೊತೆ ಯಾವ ದೂರೂ ಇಲ್ಲದೆ ಇದ್ದವಳನ್ನು ಒಂದು ಹಳೆಯ ಕಾಗದ ಬದಲಿಸಲಾರದು ಎಂದಳು. ಸರ್ಕಾರ ತನ್ನ ಪ್ರಮಾಣಪತ್ರದಲ್ಲಿ ಹೆಣ್ಣು ಎಂದು ಬರೆದುಕೊಟ್ಟು ತನ್ನ ಹಾಸ್ಟೆಲಿನಲ್ಲಿ ಅಲ್ಲ ಎನ್ನುವುದು ಹದಿನಾಲ್ಕನೇ ವಿಧಿಯ ಮುಂದೆ ನಿಲ್ಲುವುದಿಲ್ಲ ಎಂದಳು. ಸರ್ಕಾರಿ ವಕೀಲರು ಸಿಂಗಲ್ ರೂಮಿನ ಮಾತೆತ್ತಿದರು. ನ್ಯಾಯಮೂರ್ತಿಗಳು ಹೋದ ಸಲದ ಪ್ರಶ್ನೆಯನ್ನೇ ಮತ್ತೆ ಕೇಳಿದರು: ಇದಕ್ಕೆ ತಕರಾರೇನು?

ಅವಳು ನನ್ನ ಕಡೆ ತಿರುಗಿದಳು. ನನ್ನ ಹೆಸರು ಹೇಳಿದಳು. ಸ್ಥಳಕ್ಕೆ ಹೋಗಿ ನೋಡಿಬಂದ ನನ್ನ ಸಹೋದ್ಯೋಗಿಯ ಮಾತು ಇದು, ನನ್ನದಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿ, ಆಮೇಲೆ ಕನ್ನಡದಲ್ಲಿಯೇ ಹೇಳಿದಳು: ‘ಕೋಣೆ ಕೊಟ್ಟಿದ್ದಾರೆ ಸ್ವಾಮಿ, ಬಾಗಿಲು ಕೊಟ್ಟಿಲ್ಲ.’

ಕದ್ದು ಹೇಳಿದ್ದರೆ ಚೆನ್ನಾಗಿತ್ತು. ಜಗಳವಾಡಬಹುದಿತ್ತು. ಅಷ್ಟು ಜನರೆದುರು ಮರ್ಯಾದೆ ಕೊಟ್ಟು ಹೇಳಿ ನನ್ನ ಹೊಟ್ಟೆಯುರಿಗೆ ಇದ್ದ ಕೊನೆಯ ನೆಪವನ್ನೂ ಕಿತ್ತುಕೊಂಡಳು. ಮರುದಿನ ಪತ್ರಿಕೆ ಆ ಮಾತನ್ನು ಅವಳ ಹೆಸರಿನಲ್ಲೇ ಹಾಕಿತು. ‘ತಿದ್ದುಪಡಿ ಹಾಕಿ ಅಂತ ನಾನೇ ಬರೆದಿದೀನಿ,’ ಎಂದು ಫೋನು ಮಾಡಿದಳು. ತಿದ್ದುಪಡಿ ಬರಲಿಲ್ಲ. ಬಂದಿದ್ದರೆ ಅದಕ್ಕೂ ಅವಳಿಗೇ ಕೃತಜ್ಞಳಾಗಬೇಕಿತ್ತು.

ಮಧ್ಯಂತರ ಆದೇಶ ಚಿಕ್ಕದು. ಅರ್ಜಿ ಇತ್ಯರ್ಥವಾಗುವವರೆಗೆ ಅದೇ ಕೋಣೆ, ಅದೇ ಪ್ರವೇಶದ್ವಾರ, ಅದೇ ಭೋಜನಶಾಲೆ. ರಾಜ್ಯದ ಹಾಸ್ಟೆಲುಗಳ ದೊಡ್ಡ ಪ್ರಶ್ನೆ ಇನ್ನೂ ಬಾಕಿ ಇದೆ. ಪಟ್ಟಿಯಲ್ಲಿ ಬರುತ್ತದೆ, ಸರ್ಕಾರ ಸಮಯ ಕೇಳುತ್ತದೆ, ಮುಂದೆ ಹೋಗುತ್ತದೆ. ಪ್ರತಿ ಸಲವೂ ಹೋಗಿ ಕೂರುವವಳು ನಾನು.

ಆದೇಶದ ದೃಢೀಕೃತ ಪ್ರತಿಯನ್ನು ಹಾಸ್ಟೆಲಿಗೆ ಕೊಡಲು ಹುಡುಗಿಯ ಜೊತೆ ಹೋದೆ. ಟ್ರಂಕಿನ ಒಂದು ಹಿಡಿಕೆ ಅವಳು, ಇನ್ನೊಂದು ನಾನು. ಕಾವಲುಗಾರ ಮುಂದಿನ ಗೇಟನ್ನು ಪೂರ್ತಿ ತೆರೆದ. ಚಿಕ್ಕ ಬಾಗಿಲು ತೆರೆದಿದ್ದರೂ ಸಾಕಿತ್ತು. ಹಳೆಯ ಕೋಣೆಯ ಮೂವರೂ ಮೆಟ್ಟಿಲು ಇಳಿದು ಬಂದರು. ಒಬ್ಬಳು ಬೆನ್ನಿಗೆ ಗುದ್ದಿ, ‘ಎಲ್ಲೇ ಹಾಳಾಗ್ ಹೋಗಿದ್ದೆ? ನಿನ್ ಬೆಡ್ ಮೇಲೆ ಬಟ್ಟೆ ಒಣಗಾಕಿ ಸಾಕಾಯ್ತು,’ ಎಂದಳು. ಇನ್ನೊಬ್ಬಳು ನನ್ನನ್ನು ದಿಟ್ಟಿಸಿದಳು. ‘ಪೇಪರಲ್ಲಿ ಬಂದಿರೋ ಲಾಯರ್ ಇವರೇನಾ?’

‘ಅಲ್ಲ, ವಾದ ಮಾಡಿದಾಕಿ ನಮ್ಮಕ್ಕ. ಇವರು ಮೇಡಂ,’ ಎಂದಳು ಹುಡುಗಿ.

ನಾನು ಟ್ರಂಕನ್ನು ಕೆಳಗಿಟ್ಟೆ. ಹೊರಡೋಣ ಎಂದು ತಿರುಗಿದೆ.

‘ಹಿಂದ ಅಡಗಿಮನೀ ಕಡೆ ಖೋಲಿ ಐತಲ್ಲ,’ ಎಂದು ಅವಳು ಗೆಳತಿಯರಿಗೆ ಹೇಳುತ್ತಿದ್ದಳು. ‘ನಾ ಅಲ್ಲೇ ಇದ್ದುಬಿಡ್ತಿದ್ದೆ. ಇವರು ನನ್ನ ಅಲ್ಲಿ ಬಿಟ್ಟು ಹೋಗಲಿಲ್ಲ.’

ಬಸ್ ನಿಲ್ದಾಣಕ್ಕೆ ಬರುವಷ್ಟರಲ್ಲಿ ಇಂದಿರಾನಗರದವಳ ಫೋನು. ‘ಹೇಗಾಯ್ತು? ಒಳಗೆ ಹೋದ್ಳಾ? ಏನಂದ್ಳು?’

ಗೇಟು ತೆರೆದದ್ದು, ಗೆಳತಿಯರು ಬಂದದ್ದು, ಮಂಚದ ಮೇಲೆ ಬಟ್ಟೆ ಒಣಹಾಕಿದ್ದು, ಎಲ್ಲವನ್ನೂ ಹೇಳಿದೆ. ಅವಳು ಅತ್ತಳು ಅನಿಸುತ್ತದೆ. ಹುಡುಗಿಯ ಕೊನೆಯ ಮಾತನ್ನು ಮಾತ್ರ ಅವಳಿಗೆ ಹೇಳಲಿಲ್ಲ.